ಜಾಮೀನಿಗಿಂತ ಮೊದಲು ಬೆಡ್

ಗಂಡ ಜೈಲಿನಲ್ಲಿರುವಾಗ "ಈಗಲೇ ಜಾಮೀನಿಗೆ ಹಾಕಬೇಡಿ ಸರ್" ಎಂದು ವಕೀಲರಿಗೆ ಹೇಳಿದವಳು ನಾನು. ಅತ್ತೆ ಆ ಮಾತನ್ನು ಇನ್ನೂ ಮರೆತಿಲ್ಲ. ನಾದಿನಿ ಬಹಳ ದಿನ ನನ್ನ ಫೋನ್ ಎತ್ತಲಿಲ್ಲ. ಊರಿನಲ್ಲಂತೂ, ಗಂಡನನ್ನು ಒಳಗೆ ಹಾಕಿಸಿದ್ದೇ ಇವಳು ಅನ್ನುವವರೆಗೆ ಮಾತು ಹೋಯಿತು. ಆಗ ಯಾರ ಹತ್ತಿರವೂ ಕೂತು ವಿವರಿಸಲು ನನಗೆ ಪುರುಸೊತ್ತಿರಲಿಲ್ಲ. ಕಣದಲ್ಲಿ ಕಾಫಿ ಹರಡಿತ್ತು, ಮಗಳಿಗೆ ಸ್ಕೂಲು, ವಾರದಲ್ಲಿ ಒಂದು ದಿನ ಮಡಿಕೇರಿ. ಈಗ ಬರೆಯುತ್ತಿದ್ದೇನೆ. ಜೈಲಿನ ಮುಲಾಖಾತ್ (ಭೇಟಿ) ಸಾಲಿನಲ್ಲಿ ನನ್ನ ಹಾಗೇ ನಿಂತಿದ್ದ ಹೆಂಗಸರನ್ನು ನೋಡಿದ್ದೇನಲ್ಲ, ಅವರಲ್ಲಿ ಒಬ್ಬರಿಗಾದರೂ ಉಪಯೋಗಕ್ಕೆ ಬರಲಿ ಅಂತ.

ನಮ್ಮದು ಕೊಡಗಿನ ಸಿದ್ದಾಪುರದ ಕಡೆ. ಸ್ವಲ್ಪ ರೊಬಸ್ಟಾ, ಮಧ್ಯೆ ಸಿಲ್ವರ್ ಮರಗಳಿಗೆ ಹಬ್ಬಿಸಿದ ಮೆಣಸು. ಇವರು ನಮ್ಮ ತೋಟದ್ದಲ್ಲದೆ ಬೇರೆಯವರ ಮೆಣಸನ್ನೂ ಕಾಂಟ್ರಾಕ್ಟ್ ಹಿಡಿದು ಕೊಯ್ಯಿಸುತ್ತಿದ್ದರು. ಆಳು ಸಿಗದ ದಿನ ತಾವೇ ಏಣಿ ಹತ್ತುತ್ತಿದ್ದರು. ಒಂದು ಮಾರ್ಚ್ ತಿಂಗಳಲ್ಲಿ ಆ ಒಂಟಿ ಬಿದಿರಿನ ಏಣಿ ಜಾರಿತು. ಮೂಳೆ ಮುರಿಯಲಿಲ್ಲ, ಆದರೆ ಸೊಂಟದ ನೋವು ಮಾತ್ರ ಹೋಗಲೇ ಇಲ್ಲ. ಡಾಕ್ಟರು ಕೆಲವು ದಿನಕ್ಕೆಂದು ಬರೆದುಕೊಟ್ಟ ಟ್ರಮಡಾಲ್ ಮಾತ್ರೆ ವರ್ಷ ಕಳೆದರೂ ನಿಲ್ಲಲಿಲ್ಲ. ಮೊದಲು ನೋವಿಗೆ, ಆಮೇಲೆ ನಿದ್ದೆಗೆ, ಆಮೇಲೆ ಬೆಳಿಗ್ಗೆ ಹಾಸಿಗೆಯಿಂದ ಏಳುವುದಕ್ಕೂ ಅದೇ ಬೇಕಾಯಿತು. ಚೀಟಿ ಇಲ್ಲದೆ ತಂದುಕೊಡುವವರು ಯಾರೋ ಸಿಕ್ಕರು. ಒಂದು ರಾತ್ರಿ ಫಿಟ್ಸ್ ಬಂತು. ಈ ಮಾತ್ರೆ ಜಾಸ್ತಿಯಾದರೆ ಫಿಟ್ಸ್ ಬರುತ್ತದೆ ಅಂತ ಆಸ್ಪತ್ರೆಯಲ್ಲಿ ಹೇಳಿದಾಗಲೇ ನಮಗೆ ಗೊತ್ತಾಗಿದ್ದು.

ಆಮೇಲೆ ಕೇಸಾಯಿತು. ಕೆಲವು ಸ್ಟ್ರಿಪ್ ಜೇಬಿನಲ್ಲಿತ್ತು, ಚೀಟಿ ಇರಲಿಲ್ಲ. ಮೆಡಿಕಲ್ ಶಾಪಿನಲ್ಲಿ ಸಿಗುವ ಮಾತ್ರೆಗೆ ಡ್ರಗ್ಸ್ ಕೇಸ್ ಹೇಗೆ ಹಾಕುತ್ತಾರೆ ಎಂದು ಮಾವ ಸ್ಟೇಷನ್ನಿನಲ್ಲಿ ಜಗಳಕ್ಕೇ ನಿಂತರು. 2018ರ ಏಪ್ರಿಲ್‌ನಿಂದ ಟ್ರಮಡಾಲ್ ಕೂಡ ಮಾದಕ ವಸ್ತುಗಳ ಎನ್‌ಡಿಪಿಎಸ್ ಕಾಯ್ದೆಯೊಳಗೆ ಬಂದಿದೆ ಎಂದು ವಕೀಲರು ಹೇಳಿದ ಮೇಲೆ ಸುಮ್ಮನಾದರು. 5 ಗ್ರಾಂವರೆಗೆ ಇದ್ದರೆ ಸಣ್ಣ ಪ್ರಮಾಣ ಅಂತ ಲೆಕ್ಕ. ಇವರದ್ದು ಅದರೊಳಗೇ ಇತ್ತು. ಹೆಚ್ಚೆಂದರೆ ಒಂದು ವರ್ಷ ಸಜೆ, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ನಮ್ಮ ವಕೀಲರನ್ನು ಕೊಟ್ಟಿದ್ದು ಕಾನೂನು ಸೇವಾ ಪ್ರಾಧಿಕಾರ. ಹೆಂಗಸರಿಗೆ ಮತ್ತು ಕಸ್ಟಡಿಯಲ್ಲಿ ಇರುವವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ಬಿಪಿಎಲ್ ಕಾರ್ಡ್ ಇದ್ದವರಿಗೆ ಮಾತ್ರ ಅಂತ ನಮ್ಮ ಕಡೆ ಎಷ್ಟೋ ಜನ ತಿಳಿದುಕೊಂಡಿದ್ದಾರೆ, ಹಾಗೇನಿಲ್ಲ. 15100ಕ್ಕೆ ಫೋನ್ ಮಾಡಿದರೂ ದಾರಿ ತೋರಿಸುತ್ತಾರೆ.

ವಕೀಲರು ಎನ್‌ಡಿಪಿಎಸ್ ಕಾಯ್ದೆಯ ಸೆಕ್ಷನ್ 39 ಹಿಡಿದರು. ಚಟಕ್ಕೆ ಬಿದ್ದವನು ಸಣ್ಣ ಪ್ರಮಾಣದ ಕೇಸಿನಲ್ಲಿ ತಪ್ಪಿತಸ್ಥ ಅಂತ ಆದರೆ, ಅವನು ಒಪ್ಪಿದರೆ, ಕೋರ್ಟು ಕೂಡಲೇ ಶಿಕ್ಷೆ ಕೊಡದೆ ಚಿಕಿತ್ಸೆಗೆ ಬಿಡಬಹುದು. ಆಸ್ಪತ್ರೆ ಮಾತ್ರ ಸರ್ಕಾರದ್ದೋ ಸರ್ಕಾರ ಮಾನ್ಯ ಮಾಡಿದ್ದೋ ಆಗಿರಬೇಕು. ಮುಚ್ಚಳಿಕೆ ಬರೆದುಕೊಡಬೇಕು. ಒಂದು ವರ್ಷದೊಳಗೆ ಚಿಕಿತ್ಸೆ ಏನಾಯಿತು ಎಂಬ ವರದಿ ಕೋರ್ಟಿಗೆ ಬರಬೇಕು. ಇವರು ಒಪ್ಪಿದರು. ಮಾವನ ದಾಯಾದಿ ಒಬ್ಬರು ಶ್ಯೂರಿಟಿ ನಿಂತರು. ನಡತೆಯ ಮೇಲೆ ಕಣ್ಣಿಡುವ ಪ್ರೊಬೇಷನ್ ಆಫೀಸರ್ ಮುಂದೆ ತಿಂಗಳಿಗೊಮ್ಮೆ ಹೋಗಬೇಕು ಎಂದಾಯಿತು. ಅವತ್ತು ಕೋರ್ಟಿನಿಂದ ಹೊರಗೆ ಬಂದು ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದೆವು. ಎಲ್ಲ ಮುಗಿಯಿತು ಅಂತಲೇ ಅಂದುಕೊಂಡಿದ್ದೆವು.

ಮೈಸೂರಿನ ಕಡೆಯ ಒಂದು ಆಸ್ಪತ್ರೆಯಲ್ಲಿ ಹೆಸರು ಬರೆಸಿದೆವು. ಬೆಡ್ ಇಲ್ಲ, ಆದಾಗ ಫೋನ್ ಮಾಡುತ್ತೇವೆ ಎಂದರು. ಕಾದೆವು. ಆ ಕಾಯುವ ಹೊತ್ತಿನಲ್ಲೇ ಎಲ್ಲ ಕೆಟ್ಟಿತು. ಕೋರ್ಟು ಚಿಕಿತ್ಸೆ ಮಾಡಿಸಿಕೋ ಎನ್ನುತ್ತದೆ, ಆಸ್ಪತ್ರೆ ಜಾಗ ಇಲ್ಲ ಎನ್ನುತ್ತದೆ, ಅಷ್ಟರಲ್ಲಿ ಚಟ ತನ್ನ ಕೆಲಸ ಮಾಡುತ್ತಿರುತ್ತದೆ. ಹೊರರೋಗಿಯಾಗಿ ಕೆಲವು ಸಲ ಹೋದರು. ಆಮೇಲೆ ತೋಟದಲ್ಲಿ ಕೆಲಸ ಇದೆ ಎಂಬ ನೆವ. ಪ್ರೊಬೇಷನ್ ಆಫೀಸಿಗೆ ಒಂದು ತಿಂಗಳು ಹೋಗಲಿಲ್ಲ. ಮುಂದಿನ ತಿಂಗಳೂ ಇಲ್ಲ. ಕೋರ್ಟಿನ ವಾಯಿದೆಗೆ ಹೋಗುತ್ತೇನೆಂದು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಹೊರಟವರು ಕೋರ್ಟು ಮುಟ್ಟಲೇ ಇಲ್ಲ. ವಾರಂಟ್ ಬಂತು. ಹುತ್ತರಿ ಹಬ್ಬ ಕಳೆದು ಸ್ವಲ್ಪ ದಿನಕ್ಕೆ ಪೊಲೀಸರು ಬಂದರು. ಗಲಾಟೆ ಏನೂ ಆಗಲಿಲ್ಲ. ಸ್ವೆಟರ್ ಹಾಕಿಕೊಳ್ಳಲು ಬಿಟ್ಟರು, ಕರೆದುಕೊಂಡು ಹೋದರು.

ಮೊದಲ ವಾರ ನಾನು ಹೆದರಿದ್ದು ಜೈಲಿಗಲ್ಲ, ಮಾತ್ರೆ ನಿಂತಾಗ ಆಗುವುದಕ್ಕೆ. ಮನೆಯಲ್ಲಿ ಒಂದೆರಡು ಸಲ ನೋಡಿದ್ದೆ. ಆಕಳಿಕೆ, ಮೂಗು ಕಣ್ಣಲ್ಲಿ ನೀರು, ಚಳಿಗುಳ್ಳೆ, ಭೇದಿ, ಕಾಲು ಒಂದು ಕಡೆ ಇಡಲಾಗದ ಚಡಪಡಿಕೆ. ನಿದ್ದೆಯಂತೂ ಇಲ್ಲವೇ ಇಲ್ಲ. ಸಾಮಾನ್ಯವಾಗಿ ಇದು ಎರಡು ಮೂರನೇ ದಿನಕ್ಕೆ ಜೋರಾಗಿ, ವಾರದ ಹೊತ್ತಿಗೆ ಇಳಿಯುತ್ತದೆ. ಇವರಿಗೆ ಫಿಟ್ಸ್ ಬೇರೆ ಬಂದಿತ್ತು. ಹಾಗಾಗಿ ಮರುದಿನವೇ ಆಸ್ಪತ್ರೆಯ ಹಳೆ ಫೈಲೆಲ್ಲ ಜೆರಾಕ್ಸ್ ಮಾಡಿಸಿ ವಕೀಲರ ಕೈಗೆ ಕೊಟ್ಟೆ. ಅವರು ಕೋರ್ಟಿಗೆ ಮೆಮೊ ಹಾಕಿ, ಜೈಲಿನ ಡಾಕ್ಟರಿಗೆ ಕಾಗದ ತಲುಪುವ ಹಾಗೆ ಮಾಡಿದರು. ಜೈಲಿಗೆ ಸೇರಿಸುವಾಗ ಮೈ ತಪಾಸಣೆ ಮಾಡುತ್ತಾರೆ, ನಿಜ. ಆದರೆ ಆ ಹೊತ್ತಿನಲ್ಲಿ ಇವರು ಬಾಯಿ ಬಿಟ್ಟು ಹೇಳುವ ಪೈಕಿ ಅಲ್ಲ. ಕಾಗದ ಮಾತಾಡಿತು. ಎಸ್ಕಾರ್ಟ್ ಜೊತೆ ಮಡಿಕೇರಿಯ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಮನೋರೋಗ ವಿಭಾಗದಲ್ಲಿ ತೋರಿಸಿದರು. ಯಾರದ್ದಾದರೂ ಮನೆಯವರು ಹೀಗೆ ಒಳಗೆ ಹೋದರೆ ಮೊದಲು ಮಾಡಬೇಕಾದ ಕೆಲಸ ಇದೇ ಅಂತ ನನ್ನ ಅಭಿಪ್ರಾಯ. ಅಳುವುದಕ್ಕೆ ಆಮೇಲೆ ಬೇಕಾದಷ್ಟು ಟೈಮ್ ಇರುತ್ತದೆ.

ಮುಲಾಖಾತಿಗೆ ಮೊದಲೇ ಹೆಸರು ಕೊಡಬೇಕು. ಇ-ಮುಲಾಖಾತ್ ಅಂತ ಆನ್‌ಲೈನಿನಲ್ಲೂ ಬುಕ್ ಮಾಡಬಹುದು, ನನಗೆ ಅದನ್ನು ಪಕ್ಕದ ಮನೆಯ ಹುಡುಗಿ ಮಾಡಿಕೊಟ್ಟಳು. ಆಧಾರ್ ಇಲ್ಲದೆ ಹೋಗಬೇಡಿ. ಸಿದ್ದಾಪುರದಿಂದ ಚೆಟ್ಟಳ್ಳಿ ಮೇಲೆ ಮಡಿಕೇರಿ. ಸರ್ಕಾರಿ ಬಸ್ಸಾದರೆ ಹೆಂಗಸರಿಗೆ ಫ್ರೀ, ಆದರೆ ನನಗೆ ಬೇಕಾದ ಹೊತ್ತಿಗೆ ಸಿಗುತ್ತಿದ್ದದ್ದು ಪ್ರೈವೇಟ್ ಬಸ್ಸೇ. ಬಸ್ ಸ್ಟಾಪಿಗೆ ತೋಟದೊಳಗಿನ ದಾರಿ. ಬೆಳಿಗ್ಗೆ ವಾಟ್ಸಾಪ್ ಗ್ರೂಪಿನಲ್ಲಿ "ಆನೆ ರಸ್ತೆ ಪಕ್ಕ ಇದೆ, ಹುಷಾರ್" ಅಂತ ಮೆಸೇಜ್ ಬಂದರೆ ಮುಗಿಯಿತು, ಅವತ್ತಿನ ಮೊದಲ ಬಸ್ ತಪ್ಪಿದ ಹಾಗೇ. ನಾನು ಲೇಟಾಗಿದ್ದಕ್ಕೆ ಆನೆ ಕಾರಣ ಅಂದರೆ ಬೇರೆ ಜಿಲ್ಲೆಯವರು ನಗುತ್ತಾರೋ ಏನೋ. ನಮ್ಮಲ್ಲಿ ಯಾರೂ ನಗುವುದಿಲ್ಲ.

ಮಧ್ಯೆ ತಡೆ, ಆ ಕಡೆ ಅವರು, ಈ ಕಡೆ ನಾವು. ಅಕ್ಕಪಕ್ಕದವರೆಲ್ಲ ಒಟ್ಟಿಗೆ ಮಾತಾಡುವ ಗದ್ದಲದಲ್ಲಿ ಗುಟ್ಟಿನ ಮಾತು ಅಂತ ಏನೂ ಇರುವುದಿಲ್ಲ. ಮೊದಲ ಸಲ ಹೋದಾಗ ಇವರ ಗಡ್ಡ ಬೆಳೆದಿತ್ತು, ತುಟಿ ಒಡೆದಿತ್ತು. ಕೇಳಿದ್ದು ಒಂದೇ: "ಜಾಮೀನು ಯಾವಾಗ?" ಮುಂದಿನ ವಾರವೂ ಅದೇ, ಅದರ ಮುಂದಿನ ವಾರವೂ ಅದೇ. ಒಮ್ಮೆ ಸಿಟ್ಟಿನಲ್ಲಿ "ನಿನಗೆ ನಾನು ಇಲ್ಲೇ ಇದ್ದರೆ ಆರಾಮ" ಎಂದುಬಿಟ್ಟರು. ಪಕ್ಕದಲ್ಲಿ ನಿಂತಿದ್ದ ಅಜ್ಜಿ ನನ್ನ ಮುಖ ನೋಡಿದರು. ನಿಜ ಹೇಳಬೇಕೆಂದರೆ ಆ ಮಾತಿನಲ್ಲಿ ಸ್ವಲ್ಪ ಸತ್ಯ ಇತ್ತು. ರಾತ್ರಿ ಫಿಟ್ಸ್ ಬರುತ್ತದೆಯೋ ಅಂತ ಎದ್ದು ಎದ್ದು ಉಸಿರು ನೋಡುವುದು ನಿಂತಿತ್ತು. ಬೀರುವಿನ ದುಡ್ಡು ಬೀರುವಿನಲ್ಲೇ ಇರುತ್ತಿತ್ತು. ಆರಾಮ ಅನ್ನಿಸಿದ್ದಕ್ಕೆ ನನಗೆ ನಾಚಿಕೆ ಏನೂ ಆಗಲಿಲ್ಲ. ಬಸ್ಸಿನಲ್ಲಿ ನಿದ್ದೆ ಬಂತು, ಮಲಗಿದೆ.

ಆಮೇಲೆ ನಾನೇ ಒಂದು ಕ್ರಮ ಮಾಡಿಕೊಂಡೆ. ಕೇಸಿನ ವಿಷಯ ಮೊದಲ ಎರಡು ನಿಮಿಷ, ಅಷ್ಟೇ. ಉಳಿದದ್ದು ತೋಟ, ಮಗಳು, ನಾಯಿ. ಎಷ್ಟು ಮೂಟೆ ಕಾಫಿ ಚೆರ್ರಿ ಆಯಿತು, ಅಸ್ಸಾಂ ಕಡೆಯ ಕೆಲಸದವರು ಈ ಸಲ ಎಷ್ಟು ಕೇಳುತ್ತಿದ್ದಾರೆ, ಯಾವ ಮೂಲೆಯ ಬಳ್ಳಿಗೆ ರೋಗ ಬಂದಿದೆ. ನಿಧಾನಕ್ಕೆ ಅವರೇ ಕೇಳತೊಡಗಿದರು. ಕೈಗೆ ದುಡ್ಡು ಕೊಡುವಂತಿಲ್ಲ. ಅವರ ಹೆಸರಿನ ಪಿಪಿಸಿ (ಕೈದಿಯ ಸ್ವಂತ ಹಣದ) ಖಾತೆಗೆ ಕಟ್ಟಿದರೆ ಒಳಗಿನ ಕ್ಯಾಂಟೀನಿನಲ್ಲಿ ಸೋಪು, ಬಿಸ್ಕತ್ತು ತೆಗೆದುಕೊಳ್ಳಬಹುದು. ನಾನು ಸ್ವಲ್ಪವೇ ಕಟ್ಟುತ್ತಿದ್ದೆ.

ಮಗಳಿಗೆ ಸುಳ್ಳು ಹೇಳಲಿಲ್ಲ. ಅತ್ತೆ "ಗಲ್ಫಿಗೆ ಹೋಗಿದ್ದಾನೆ ಅನ್ನು" ಎಂದಿದ್ದರು. ಗಲ್ಫಿನಿಂದ ವಿಡಿಯೋ ಕಾಲ್ ಯಾಕೆ ಬರಲ್ಲ ಅಂತ ಎರಡನೇ ದಿನವೇ ಕೇಳುವ ಹುಡುಗಿ ಅವಳು. ಅಪ್ಪನಿಗೆ ಮಾತ್ರೆಯ ಕಾಯಿಲೆ ಇದೆ, ಔಷಧಿ ಮಾಡಿಸಿಕೋ ಅಂತ ಕೋರ್ಟು ಹೇಳಿತ್ತು, ಹೋಗಲಿಲ್ಲ, ಅದಕ್ಕೆ ಈಗ ಜೈಲಿನಲ್ಲಿದ್ದಾರೆ ಎಂದೆ. "ಹೊಡೀತಾರಾ?" ಅಂತ ಒಂದೇ ಪ್ರಶ್ನೆ ಕೇಳಿದಳು. ಇಲ್ಲ ಅಂದೆ. ಹೋಮ್‌ವರ್ಕಿಗೆ ಕೂತಳು.

ಈಗ ಜಾಮೀನಿನ ವಿಷಯಕ್ಕೆ ಬರುತ್ತೇನೆ. ಪ್ರೊಬೇಷನ್ ಮುಚ್ಚಳಿಕೆಯ ಷರತ್ತು ಮುರಿದವರಿಗೆ ಏನಾಗುತ್ತದೆ ಅನ್ನುವುದು 1958ರ ಪ್ರೊಬೇಷನ್ ಕಾಯ್ದೆಯ ಸೆಕ್ಷನ್ 9ರಲ್ಲಿದೆ. ವಿಚಾರಣೆ ಮುಗಿಯುವವರೆಗೆ ಕೋರ್ಟು ಕಸ್ಟಡಿಯಲ್ಲಿಡಬಹುದು, ಜಾಮೀನಿನ ಮೇಲೂ ಬಿಡಬಹುದು. ಮುರಿದಿದ್ದು ಹೌದು ಅಂತಾದರೆ ಮೂಲ ಕೇಸಿನ ಶಿಕ್ಷೆಯನ್ನೇ ಕೊಡಬಹುದು. ಮೊದಲ ಸಲವಾದರೆ ಮುಚ್ಚಳಿಕೆ ಹಾಗೇ ಉಳಿಸಿ ದಂಡ ಹಾಕಿ ಬಿಡಲೂಬಹುದು. ಎಷ್ಟು ದಂಡ ಗೊತ್ತಾ? ಹೆಚ್ಚೆಂದರೆ 50 ರೂಪಾಯಿ. ವಕೀಲರು ಓದಿ ಹೇಳಿದಾಗ ಮಾವ, "ಅಷ್ಟೇನಾ, ಈಗಲೇ ಕಟ್ಟುತ್ತೇನೆ" ಎಂದು ಜೇಬಿಗೆ ಕೈ ಹಾಕಿದರು. ಒಂದು ಕಡೆ 50 ರೂಪಾಯಿ, ಇನ್ನೊಂದು ಕಡೆ ವರ್ಷದವರೆಗೆ ಸಜೆ. ಮಧ್ಯದಲ್ಲಿ ನ್ಯಾಯಾಧೀಶರು ಯಾವ ಕಡೆ ಹೋಗುತ್ತಾರೆ ಅನ್ನುವುದು ನಾವು ಏನು ತೋರಿಸುತ್ತೇವೆ ಎಂಬುದರ ಮೇಲೆ ನಿಂತಿದೆ ಎಂದರು ವಕೀಲರು. ಅವರಿಗೆ ಬೇಕಿದ್ದದ್ದು ಒಂದು ಕಾಗದ: ಇಂಥ ದಿನ ಇಂಥ ಆಸ್ಪತ್ರೆಯಲ್ಲಿ ಇವರನ್ನು ಸೇರಿಸಿಕೊಳ್ಳುತ್ತೇವೆ ಎಂದು ಡಾಕ್ಟರು ಬರೆದುಕೊಟ್ಟಿದ್ದು.

ಕಾಗದ ಇಲ್ಲದೆಯೂ ಜಾಮೀನಿಗೆ ಹಾಕಿ ನೋಡಬಹುದಿತ್ತು. ಮನೆಯವರೆಲ್ಲ ಅದನ್ನೇ ಹೇಳುತ್ತಿದ್ದರು. "ವಾರಗಟ್ಟಲೆ ಮಾತ್ರೆ ಮುಟ್ಟಿಲ್ಲ, ಮೈಯಿಂದ ಎಲ್ಲ ಇಳಿದುಹೋಗಿದೆ, ಇನ್ನು ಆಸ್ಪತ್ರೆ ಯಾಕೆ? ಮನೆಯ ಊಟ ಉಂಡು ತೋಟದ ಕೆಲಸ ಮಾಡಿದರೆ ಸರಿಹೋಗುತ್ತಾನೆ" ಅಂತ ಮಾವ. ಇನ್ನೊಂದು ಪಾರ್ಟಿಯವರದ್ದು ಉಲ್ಟಾ: ಆರು ತಿಂಗಳು ಅಲ್ಲೇ ಕೊಳೆಯಲಿ, ಬುದ್ಧಿ ಬರುತ್ತದೆ. ಎರಡೂ ಕಡೆಯವರಿಗೆ ಚಟ ಎಂದರೆ ಹಠ, ಅಷ್ಟೇ.

ನಾನು ಡಾಕ್ಟರನ್ನೇ ಕೇಳಿದೆ. ಅವರು ಹೇಳಿದ್ದು ನನಗೆ ಇನ್ನೂ ನೆನಪಿದೆ. ಮಾತ್ರೆ ನಿಂತು ವಾರಗಳಾದರೆ ಮೈಯ ತಾಳಿಕೆ ಇಳಿದಿರುತ್ತದೆ. ಮೊದಲು ದಿನವೂ ನುಂಗುತ್ತಿದ್ದಷ್ಟನ್ನೇ ಹೊರಗೆ ಬಂದ ದಿನ ನುಂಗಿದರೆ ಈಗ ಅದನ್ನು ಮೈ ತಡೆದುಕೊಳ್ಳುವುದಿಲ್ಲ. ಉಸಿರು ನಿಂತುಹೋಗಬಹುದು. ಜೈಲಿನಿಂದ ಬಂದ ಮೊದಲ ಒಂದೆರಡು ವಾರವೇ ಇಂಥವರಿಗೆ ಎಲ್ಲಕ್ಕಿಂತ ಅಪಾಯದ ಕಾಲ. ನೋವಂತೂ ಹಾಗೇ ಇದೆ, ತಂದುಕೊಡುವವರೂ ಹಾಗೇ ಇದ್ದಾರೆ. "ಬೆಡ್ ಇಲ್ಲದೆ ಹೊರಗೆ ತರುವುದಾದರೆ ದಿನದ 24 ಗಂಟೆ ಜೊತೆಗೆ ಯಾರು ಇರುತ್ತಾರೆ ಅಂತ ಮೊದಲು ನೋಡಿಕೊಳ್ಳಿ" ಎಂದರು. ನಮ್ಮ ಮನೆಯಲ್ಲಿ ಯಾರಿದ್ದರು? ಕೊಯ್ಲಿನಲ್ಲಿ ನಾನು, ಮಂಡಿನೋವಿನ ಅತ್ತೆ, ಮತ್ತು ಇವರು ಕೇಳಿದರೆ ದುಡ್ಡು ಕೊಟ್ಟುಬಿಡುವ ಮಾವ. ಆಸ್ಪತ್ರೆಯಿಂದ ಹೊರಗೆ ಬಂದು ವಕೀಲರಿಗೆ ಫೋನ್ ಮಾಡಿದೆ. ಮೊದಲು ಬರೆದ ಮಾತು ಹೇಳಿದ್ದು ಆಗಲೇ.

"ನಿಮ್ಮ ಯಜಮಾನರು ಹಾಕಿ ಎಂದರೆ ನಾನು ಹಾಕಲೇಬೇಕಮ್ಮ, ಕಕ್ಷಿದಾರ ಅವರು" ಎಂದರು ವಕೀಲರು. ಸರಿಯಾದ ಮಾತೇ. ಹಾಗಾಗಿ ಮುಂದಿನ ಮುಲಾಖಾತಿನಲ್ಲಿ ಇವರಿಗೇ ಹೇಳಿದೆ, ಡಾಕ್ಟರು ಹೇಳಿದ್ದನ್ನು ಒಂದೂ ಬಿಡದೆ. ನೀವು ಹೇಳಿದರೆ ನಾಳೆಯೇ ಹಾಕಿಸುತ್ತೇನೆ, ಆದರೆ ನನಗೆ ಹೆದರಿಕೆ ಎಂದೆ. ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ, "ಬೆಡ್‌ಗೆ ಎಷ್ಟು ದಿನ ಅಂತೆ?" ಎಂದು ಕೇಳಿದರು.

ಅದೇ ತಾನೇ ಗೊತ್ತಿಲ್ಲದ್ದು. ವಾಯಿದೆ ಮೇಲೆ ವಾಯಿದೆ. ಒಂದು ಸಲಕ್ಕೆ 15 ದಿನಕ್ಕಿಂತ ಜಾಸ್ತಿ ಕಳಿಸುವಂತಿಲ್ಲವಂತೆ, ಹಾಗಾಗಿ ಆಗಾಗ ಜೈಲಿನಿಂದಲೇ ವಿಡಿಯೋದಲ್ಲಿ ಹಾಜರು ಮಾಡುತ್ತಿದ್ದರು. ನಾನು ಕೋರ್ಟಿನ ಹಿಂದಿನ ಬೆಂಚಿನಿಂದ ಆ ಚಿಕ್ಕ ಪರದೆ ನೋಡುತ್ತಿದ್ದೆ. ಆಸ್ಪತ್ರೆಗೆ ಫೋನ್ ಮಾಡಿದರೆ "ಲಿಸ್ಟಿನಲ್ಲಿದೆ ಮೇಡಂ" ಎಂಬ ಒಂದೇ ಉತ್ತರ. 14446 ಅಂತ ಕೇಂದ್ರ ಸರ್ಕಾರದ ನಶಾಮುಕ್ತಿ ಸಹಾಯವಾಣಿ ಇದೆ. ಬೇರೆ ಎಲ್ಲಿ ಕೇಂದ್ರಗಳಿವೆ ಅಂತ ಅಲ್ಲಿ ಕೇಳಿ ಬರೆದುಕೊಂಡೆ.

ಈ ಮಧ್ಯೆ ನೆಂಟರೊಬ್ಬರು ಹೇಳಿದರೆಂದು ಒಂದು ಖಾಸಗಿ ಸೆಂಟರ್ ನೋಡಲು ಹೋದೆ. ಎಲ್ಲಿ, ಯಾವುದು ಅಂತ ಹೇಳುವುದಿಲ್ಲ. ಬೆಡ್ ಇವತ್ತೇ ಇದೆ, ಮೂರು ತಿಂಗಳ ಪ್ಯಾಕೇಜ್, ಬೇಕಾದರೆ ನಾವೇ ಗಾಡಿ ಕಳಿಸಿ ಎತ್ತಿಕೊಂಡು ಬರುತ್ತೇವೆ ಎಂದರು. ಗ್ರಿಲ್ಲಿಗೆ ದೊಡ್ಡ ಬೀಗ. ಒಳಗೆ ಹಾಲ್‌ನಲ್ಲಿ, ತಲೆ ಬೋಳಿಸಿದ ಗಂಡಸರು ನೆಲದ ಮೇಲೆ ಸಾಲಾಗಿ ಕೂತಿದ್ದರು, ಮಟಮಟ ಮಧ್ಯಾಹ್ನ. ಒಬ್ಬ ಹುಡುಗ ಸ್ಟೀಲ್ ಡಬ್ಬಿಯಿಂದ ಬಿಡಿ ಮಾತ್ರೆ ತೆಗೆದು ಎಲ್ಲರ ಕೈಗೂ ಹಾಕುತ್ತಾ ಹೋಗುತ್ತಿದ್ದ. ಯಾವ ಕಾಗದವನ್ನೂ ನೋಡಲಿಲ್ಲ, ಯಾರ ಹೆಸರನ್ನೂ ಕೇಳಲಿಲ್ಲ. ಡಾಕ್ಟರು? ವಾರಕ್ಕೊಮ್ಮೆ ಬರ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಇಂಥ ಕೇಂದ್ರಗಳಿಗೆ ನೋಂದಣಿ ಇರಬೇಕು, ಆ ಸರ್ಟಿಫಿಕೇಟ್ ತೋರಿಸಿ ಅಂತ ಕೇಳು ಎಂದು ವಕೀಲರು ಹೇಳಿಕೊಟ್ಟಿದ್ದರು. ಕೇಳಿದೆ. "ರಿನ್ಯೂವಲ್‌ಗೆ ಹೋಗಿದೆ" ಎಂದರು. ಹಳೆಯದರ ಕಾಪಿ ಕೇಳಿದೆ. ಅದೂ ಜೊತೆಗೇ ಹೋಗಿದೆಯಂತೆ. ಇಲ್ಲಿ ಸೇರಿಸಿದ್ದರೂ ಅವರ ವರದಿ ಕೋರ್ಟಿನಲ್ಲಿ ನಡೆಯುತ್ತಿರಲಿಲ್ಲ, ಆ ಮಾತು ಬೇರೆ. ಆ ಡಬ್ಬಿ ನೋಡಿದ ಮೇಲೆ ನನಗೆ ಕೋರ್ಟಿನ ಯೋಚನೆಯೇ ಬೇಕಾಗಲಿಲ್ಲ, ಚಪ್ಪಲಿ ಹಾಕಿಕೊಂಡು ಹೊರಟೆ.

ಕೊನೆಗೆ ಮೊದಲು ಹೆಸರು ಬರೆಸಿದ್ದ ಆಸ್ಪತ್ರೆಯಲ್ಲೇ ಆಯಿತು. ಫೋನ್ ಬಿಟ್ಟು ಖುದ್ದು ಹೋಗಿ ಕೂತೆ. ಅಲ್ಲಿನ ಸಮಾಜ ಕಾರ್ಯಕರ್ತೆಗೆ ಕೋರ್ಟಿನ ಆದೇಶ, ವಾರಂಟ್, ಜೈಲಿನ ಕಾಗದ ಎಲ್ಲ ತೋರಿಸಿದೆ. ಮನುಷ್ಯ ಜೈಲಿನಲ್ಲಿ ಕಾಯುತ್ತಿದ್ದಾನೆ ಅನ್ನುವುದು ಅವರ ಲಿಸ್ಟಿನಲ್ಲಿ ಎಲ್ಲೂ ಬರೆದಿರಲಿಲ್ಲ. ಹೆಸರು, ವಯಸ್ಸು, ಫೋನ್ ನಂಬರ್, ಅಷ್ಟೇ. ಆ ನಂಬರು ಇವರದ್ದು, ಆ ಫೋನು ಜೈಲಿಗೆ ಹೋಗುವಾಗಲೇ ಸ್ವಿಚ್ ಆಫ್ ಆಗಿತ್ತು. ಸದ್ಯ, ಅವರು ಫೋನ್ ಮಾಡಿ ಸಿಗದೆ ಹೆಸರು ತೆಗೆದುಹಾಕಿರಲಿಲ್ಲ. ನನ್ನ ನಂಬರ್ ಬರೆಸಿದೆ. ಸ್ವಲ್ಪ ದಿನದಲ್ಲೇ ತಾರೀಖು ಹಾಕಿದ ಕಾಗದ ಕೈಗೆ ಬಂತು.

ಇನ್ನು ಶ್ಯೂರಿಟಿ. ಮೊದಲು ನಿಂತಿದ್ದ ದಾಯಾದಿಗೂ ಕೋರ್ಟಿನಿಂದ ನೋಟಿಸ್ ಹೋಗಿತ್ತು, ಅವರು ನಮ್ಮ ಮನೆಯ ಕಡೆ ತಲೆ ಹಾಕುವುದನ್ನೇ ಬಿಟ್ಟಿದ್ದರು. ಅವರ ತಪ್ಪಿಲ್ಲ. ಮಾವನೇ ನಿಲ್ಲೋಣ ಅಂದರೆ ತಲೆತಲಾಂತರದಿಂದ ಇಡೀ ಕುಟುಂಬಕ್ಕೆ ಸೇರಿದ ನಮ್ಮ ಜಮ್ಮಾ ಜಾಗದ ಪಹಣಿ ಯಾರ ಒಬ್ಬರ ಹೆಸರಿನಲ್ಲೂ ಇಲ್ಲ. ಕುಟುಂಬದ ಅಷ್ಟೂ ಜನರ ಹೆಸರು ಅದರಲ್ಲಿದೆ, ಸತ್ತವರದ್ದೂ ಸೇರಿ. ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಾಲಕ್ಕೆ ಬ್ಯಾಂಕಿಗೆ ಹೋದಾಗ ಆಗುವ ಪಜೀತಿಯೇ ಇಲ್ಲೂ. ಕಡೆಗೆ ನನ್ನ ತವರಿನ ಕಡೆಯ ಚಿಕ್ಕಪ್ಪ, ಸ್ವಂತ ಹೆಸರಿನ ಪಹಣಿ ಇದ್ದವರು, ಒಂದು ಮಾತೂ ಆಡದೆ ಬಂದು ಸಹಿ ಹಾಕಿದರು. ಸಹಿ ಹಾಕಿ, ಇವರ ಬಗ್ಗೆ ಒಂದೂ ಕೇಳದೆ, ರೊಬಸ್ಟಾ ರೇಟು ಎಲ್ಲಿಗೆ ಬಂತು ಅಂತ ಮಾತಾಡಿಕೊಂಡು ಟೀ ಕುಡಿದು ಹೋದರು.

ಕೋರ್ಟು ಒಪ್ಪಿತು. ಬಿಡುಗಡೆಯಾದ ಕೂಡಲೇ ಆಸ್ಪತ್ರೆಗೆ ಸೇರಬೇಕು, ಸೇರಿದ ಕಾಗದ ಹಾಜರುಪಡಿಸಬೇಕು ಎಂದು ಷರತ್ತು. ಕೇಳಲು ಎಷ್ಟು ಸಲೀಸು. ಆದೇಶ ಜೈಲಿಗೆ ಮುಟ್ಟಿ, ಅಲ್ಲಿನ ಕಾಗದ ಪತ್ರ ಮುಗಿದು ಇವರು ಗೇಟಿನಿಂದ ಹೊರಗೆ ಬಂದಾಗ ಕತ್ತಲಾಗಿತ್ತು. ಮೈಸೂರಿಗೆ ಸುಮಾರು 120 ಕಿಲೋಮೀಟರ್. ಆಸ್ಪತ್ರೆಯಲ್ಲಿ ಅಡ್ಮಿಷನ್ ಬೆಳಿಗ್ಗೆ. ಆ ಒಂದು ರಾತ್ರಿಯ ಬಗ್ಗೆ ಕೋರ್ಟು, ಜೈಲು, ಆಸ್ಪತ್ರೆ ಯಾರೂ ಯೋಚನೆ ಮಾಡಿರುವುದಿಲ್ಲ. ಅದು ಮನೆಯವರ ಪಾಲಿಗೆ ಬಿಟ್ಟದ್ದು.

ಮನೆಗೆ ಹೋಗುವುದು ಬೇಡ ಅಂತ ನಾನು ಮೊದಲೇ ತೀರ್ಮಾನ ಮಾಡಿದ್ದೆ. ನನ್ನ ತಮ್ಮ ಜೀಪು ತಂದಿದ್ದ. ಸುಂಟಿಕೊಪ್ಪ ದಾಟುವವರೆಗೆ ಯಾರೂ ಮಾತಾಡಲಿಲ್ಲ. ಆಮೇಲೆ ಇವರು ತಮ್ಮನ ಹತ್ತಿರ ಫೋನ್ ಕೇಳಿದರು, ಅಮ್ಮನಿಗೆ ಮಾತಾಡಬೇಕು ಅಂತ. ನಾನೇ ಡಯಲ್ ಮಾಡಿ ಸ್ಪೀಕರ್ ಹಾಕಿ ಕೊಟ್ಟೆ. ಅತ್ತೆ ಅತ್ತರು, ಇವರೂ ಅತ್ತರು. ಕುಶಾಲನಗರದಲ್ಲಿ ಟೀಗೆ ನಿಲ್ಲಿಸಿದಾಗ ಬನಿಯನ್ ತರುತ್ತೇನೆ ಎಂದು ರಸ್ತೆ ದಾಟಲು ಹೊರಟರು. ಬ್ಯಾಗಿನಲ್ಲಿ ಹೊಸ ಬನಿಯನ್ ಇತ್ತು, ಅವರಿಗೂ ಗೊತ್ತಿತ್ತು, ಬಟ್ಟೆ ತೋರಿಸಿಯೇ ಜೋಡಿಸಿದ್ದೆ. ನಾನೂ ಜೊತೆಗೆ ದಾಟಿದೆ. ಆ ಕಡೆ ಫುಟ್‌ಪಾತಿನಲ್ಲಿ ಇಬ್ಬರೂ ಸ್ವಲ್ಪ ಹೊತ್ತು ನಿಂತೆವು. ಅಂಗಡಿ ತೆರೆದೇ ಇತ್ತು. "ಬೇಡ ಬಿಡು" ಎಂದು ವಾಪಸ್ ಬಂದರು. ಮೈಸೂರಿನಲ್ಲಿ ಲಾಡ್ಜಿನಲ್ಲಿ ಮಲಗಿದೆವು. ಮಲಗಿದೆವು ಅಂದರೆ ತಮ್ಮ ಬಾಗಿಲಿಗೆ ಅಡ್ಡ ಚಾಪೆ ಹಾಕಿಕೊಂಡ, ನಾನು ಕೂತೇ ಇದ್ದೆ, ಇವರು ಗೊರಕೆ ಹೊಡೆದರು. ಬೆಳಿಗ್ಗೆ ಓಪಿ ತೆರೆಯುವ ಮೊದಲೇ ಹೋಗಿ ನಿಂತೆವು.

ವಾರ್ಡಿನ ವಿಷಯ ಜಾಸ್ತಿ ಬರೆಯುವುದಿಲ್ಲ, ಅದು ಅವರ ಕಥೆ. ಮಾತ್ರೆ ಮೈಯಲ್ಲಿ ಇಲ್ಲದೆ ವಾರಗಳಾಗಿದ್ದರಿಂದ ಲಿವರ್ ಟೆಸ್ಟ್ ಮಾಡಿ ನಾಲ್ಟ್ರೆಕ್ಸೋನ್ ಶುರು ಮಾಡಿದರು. ಇದು ಇದ್ದಾಗ ಟ್ರಮಡಾಲ್ ಜಾತಿಯ ಮಾತ್ರೆ ನುಂಗಿದರೂ ಅಮಲು ಹತ್ತುವುದಿಲ್ಲ. ಕೊನೆಯ ಮಾತ್ರೆಯಿಂದ ಕನಿಷ್ಠ ವಾರ ಹತ್ತು ದಿನ ಬಿಡುವು ಇಲ್ಲದೆ ಇದನ್ನು ಕೊಟ್ಟರೆ ಮಾತ್ರೆ ನಿಂತಾಗ ಆಗುವ ಸಂಕಟ ಒಮ್ಮೆಲೇ ಕೆರಳುತ್ತದೆ, ಹಾಗಾಗಿ ಡಾಕ್ಟರು ಹೇಳದೆ ಯಾರೂ ಮನೆಯಲ್ಲಿ ಕೊಡಲು ಹೋಗಬಾರದು. ಸೊಂಟಕ್ಕೆ ಫಿಸಿಯೋಥೆರಪಿ ಶುರುವಾಯಿತು. ಇಷ್ಟೆಲ್ಲ ಆಗಿದ್ದು ಆ ಸೊಂಟದಿಂದ, ಅದಕ್ಕೆ ಸರಿಯಾದ ಚಿಕಿತ್ಸೆ ಶುರುವಾಗಿದ್ದು ಜೈಲಿಗೆ ಹೋಗಿ ಬಂದ ಮೇಲೆ. ಇದಕ್ಕೆ ನಗಬೇಕೋ ಅಳಬೇಕೋ.

ಕೋರ್ಟಿನಲ್ಲಿ ಮೊದಲ ಮುಚ್ಚಳಿಕೆ ಉಳಿಯಿತು. ಆ ಹಳೆಯ ಕಾಯ್ದೆಯ ದಂಡ ಕಟ್ಟಿದೆವು. ಮಾವ ರಸೀದಿ ಇಟ್ಟುಕೊಂಡಿದ್ದಾರೆ.

ವಕೀಲರು ಇನ್ನೊಂದು ವಿಷಯ ಹೇಳಿದರು, ಇಂಥ ಕೇಸಿನ ಶುರುವಿನಲ್ಲಿರುವವರಿಗೆ ಗೊತ್ತಿರಲಿ. ಬರೀ ಸೇವನೆ ಅಥವಾ ಸಣ್ಣ ಪ್ರಮಾಣದ ಆರೋಪ ಇರುವ ವ್ಯಸನಿ ತಾನಾಗಿಯೇ ಸರ್ಕಾರಿ ಅಥವಾ ಮಾನ್ಯತೆ ಇರುವ ಆಸ್ಪತ್ರೆಗೆ ಹೋಗಿ ಚಿಕಿತ್ಸೆ ಪಡೆದರೆ, ಎನ್‌ಡಿಪಿಎಸ್ ಕಾಯ್ದೆಯ ಸೆಕ್ಷನ್ 64ಎ ಪ್ರಕಾರ ಪ್ರಾಸಿಕ್ಯೂಷನ್ನಿನಿಂದಲೇ ವಿನಾಯಿತಿ ಸಿಗುತ್ತದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ವಿನಾಯಿತಿ ಹೋಗಬಹುದು. ಮತ್ತೆ, ರಾತ್ರಿ ಹೊತ್ತು ತಲೆ ಕೆಟ್ಟು ಯಾರ ಹತ್ತಿರವೂ ಹೇಳಲಾಗದಿದ್ದರೆ ಟೆಲಿಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416 ಇದೆ, ಕನ್ನಡದಲ್ಲಿ ಮಾತಾಡುತ್ತಾರೆ. ಅದು ರೋಗಿಗೆ ಮಾತ್ರ ಅಲ್ಲ. ನಾನು ನನಗೋಸ್ಕರವೇ ಮಾಡಿದ್ದೆ.

ಈಗ ಬೆಳಿಗ್ಗೆ ಕಾಫಿ ಜೊತೆ ನಾಲ್ಟ್ರೆಕ್ಸೋನ್ ನಾನೇ ಕೊಡುತ್ತೇನೆ, ನನ್ನ ಮುಂದೆಯೇ ನುಂಗಬೇಕು. ಮೊದಮೊದಲು ಮುಖ ಗಂಟು ಹಾಕುತ್ತಿದ್ದರು. ಈ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ ಎಂಬ ಚೀಟಿ ಪರ್ಸಿನಲ್ಲಿದೆ, ಏನಾದರೂ ಅಪಘಾತವಾದರೆ ಡಾಕ್ಟರಿಗೆ ಗೊತ್ತಾಗಬೇಕು, ಕೆಲವು ನೋವಿನ ಇಂಜೆಕ್ಷನ್ ಇದರ ಮೇಲೆ ಕೆಲಸ ಮಾಡುವುದಿಲ್ಲ. ಪ್ರೊಬೇಷನ್ ಆಫೀಸಿಗೆ ತಿಂಗಳಿಗೊಮ್ಮೆ ಹೋಗುತ್ತಾರೆ, ನಾನೂ ಜೊತೆಗೆ ಹೋಗುತ್ತೇನೆ, ಒಳಗೆ ಹೋಗದೆ ಹೊರಗೆ ಕೂರುತ್ತೇನೆ. ಆಸ್ಪತ್ರೆಯ ವರದಿ ಮುಂದಿನ ವಾಯಿದೆಗೆ ಕೊಡಬೇಕು. ಜಗಳ ಉಳಿದಿರುವುದು ಸಿಮ್ ವಿಷಯದಲ್ಲಿ. ಹಳೆ ನಂಬರ್ ಬಿಡಿ ಅಂತ ನಾನು, ಮೆಣಸಿನ ವ್ಯಾಪಾರದವರೆಲ್ಲ ಅದರಲ್ಲೇ ಇದ್ದಾರೆ ಅಂತ ಅವರು. ಇಬ್ಬರದ್ದೂ ನಿಜವೇ. ಸದ್ಯಕ್ಕೆ ಆ ಸಿಮ್ ನನ್ನ ಫೋನಿನಲ್ಲಿದೆ, ವ್ಯಾಪಾರದವರ ಕಾಲ್ ಬಂದರೆ ಕರೆದು ಕೊಡುತ್ತೇನೆ, ಬೇರೆಯವರದ್ದು ಬಂದರೆ ರಾಂಗ್ ನಂಬರ್ ಎನ್ನುತ್ತೇನೆ.